ಸಾಫ್ಟ್‌ವೇರ್ ಜತೆ ಕೈಪಿಡಿಯನ್ನೂ ಕಟ್ಟಲೇಬೇಕಾ? ಓಪನ್ ಸೋರ್ಸ್ ಬಿಲ್ಡ್‌ನ 'ನೋಡಾಕ್' ಆಯ್ಕೆ ಏನು, ಏಕೆ ಬೇಕು?

ತಿರುವನಂತಪುರಂ: 1963ರ ನವೆಂಬರ್ 21ರ ಸಂಜೆ. ಕೇರಳದ ಕಡಲ ತೀರದಲ್ಲಿರುವ ತುಂಬ ಎಂಬ ಮೀನುಗಾರರ ಹಳ್ಳಿಯಿಂದ ನೈಕಿ-ಅಪಾಚಿ ಹೆಸರಿನ ಪುಟ್ಟ ರಾಕೆಟ್ ಆಕಾಶಕ್ಕೆ ಚಿಮ್ಮಿತು. ಭಾರತದ ಬಾಹ್ಯಾಕಾಶ ಪಯಣ ಶುರುವಾಗಿದ್ದೇ ಅಲ್ಲಿಂದ. ಊರಿನ ಮೇರಿ ಮ್ಯಾಗ್ಡಲೀನ್ ಚರ್ಚ್ ಆಗ ವಿಜ್ಞಾನಿಗಳ ಕೆಲಸದ ಜಾಗವಾಗಿತ್ತು. ಇಂದು ಅದೇ ಕಟ್ಟಡ ಬಾಹ್ಯಾಕಾಶ ವಸ್ತುಸಂಗ್ರಹಾಲಯ.

ರಾಕೆಟ್ ವಿಜ್ಞಾನದಲ್ಲಿ ಒಂದು ಸರಳ ನಿಯಮವಿದೆ. ಹಾರಲು ಬೇಕಾದದ್ದು ಮಾತ್ರ ಮೇಲೆ ಹೋಗಬೇಕು, ಉಳಿದದ್ದು ನೆಲದ ಮೇಲೇ ಇರಬೇಕು. ರಾಕೆಟ್ ಜೋಡಿಸುವ ಕೈಪಿಡಿ ರಾಕೆಟ್ ಒಳಗೆ ಕೂತು ಹಾರುವುದಿಲ್ಲ. ಹಾಗೆಂದು ಕೈಪಿಡಿಯೇ ಬೇಡ ಎಂದು ಯಾರೂ ಹೇಳುವುದಿಲ್ಲ. ಅದಿಲ್ಲದಿದ್ದರೆ ಮುಂದಿನ ರಾಕೆಟ್ ಜೋಡಿಸುವುದೇ ಕಷ್ಟ.

ಇದೇ ಪ್ರಶ್ನೆ ಓಪನ್ ಸೋರ್ಸ್ ಸಾಫ್ಟ್‌ವೇರ್ ಲೋಕದಲ್ಲೂ ಇದೆ. ಒಂದು ಸಾಫ್ಟ್‌ವೇರ್ ಕಟ್ಟುವಾಗ ಅದರ ಕೈಪಿಡಿಯನ್ನೂ, ಅಂದರೆ ಡಾಕ್ಯುಮೆಂಟೇಶನ್ ಅನ್ನೂ, ಪ್ರತಿ ಸಲ ಕಟ್ಟಲೇಬೇಕಾ? ಅಥವಾ ಅದು ಬೇಕಾದವರಿಗೆ ಮಾತ್ರ ಸಿಗುವ ಆಯ್ಕೆಯಾಗಿರಬೇಕಾ? ಕೇಳಲು ಚಿಕ್ಕ ವಿಷಯ. ಆದರೆ ತುಂಬದಿಂದ ಸ್ವಲ್ಪ ದೂರದಲ್ಲೇ ವಿನ್ಯಾಸಗೊಳ್ಳುತ್ತಿರುವ ದೇಸಿ ಚಿಪ್‌ಗಳಿಗೂ, ಕಾಸರಗೋಡಿನ ಕನ್ನಡ ಶಾಲೆಯ ಕಂಪ್ಯೂಟರ್‌ಗೂ ಇದರ ನಂಟಿದೆ. ಅದು ಹೇಗೆ? ಬನ್ನಿ, ವಿವರವಾಗಿ ನೋಡೋಣ.

ಏನಿದು 'ಬಿಲ್ಡ್'? ಕೈಪಿಡಿ ಎಲ್ಲಿಂದ ಬರುತ್ತದೆ?

ಓಪನ್ ಸೋರ್ಸ್ ಸಾಫ್ಟ್‌ವೇರ್ ಎಂದರೆ ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ಮುಕ್ತ. ಆದರೆ ಆ ಬರಹವನ್ನು ಕಂಪ್ಯೂಟರ್ ನೇರವಾಗಿ ಓಡಿಸಲಾರದು. ಕಂಪೈಲರ್ ಎಂಬ ಸಾಧನ ಅದನ್ನು ಯಂತ್ರದ ಭಾಷೆಗೆ ಬದಲಿಸಬೇಕು. ಈ ಇಡೀ ಪ್ರಕ್ರಿಯೆಗೆ 'ಬಿಲ್ಡ್' ಎನ್ನುತ್ತಾರೆ. ಅಕ್ಕಿಯಿಂದ ಅನ್ನ ಮಾಡಿದ ಹಾಗೆ.

ಕೈಪಿಡಿಯ ಕಥೆಯೂ ಹೀಗೆಯೇ. ಡೆವಲಪರ್‌ಗಳು ಕೈಪಿಡಿಯನ್ನು ಸರಳ ಪಠ್ಯ ರೂಪದಲ್ಲಿ ಅಥವಾ ಕೋಡ್ ನಡುವಿನ ಟಿಪ್ಪಣಿಗಳಲ್ಲಿ ಬರೆದಿಡುತ್ತಾರೆ. ಅದನ್ನು ವೆಬ್ ಪುಟ, ಪಿಡಿಎಫ್ ಅಥವಾ ಟರ್ಮಿನಲ್‌ನಲ್ಲಿ ಓದುವ 'ಮ್ಯಾನ್ ಪೇಜ್' ಆಗಿ ಬದಲಿಸಲು ಬೇರೆ ಸಾಧನಗಳು ಬೇಕು. ಪೈಥಾನ್ ಭಾಷೆಯ ಕೈಪಿಡಿಗಾಗಿ ಹುಟ್ಟಿದ 'ಸ್ಫಿಂಕ್ಸ್', ಕೋಡ್ ಟಿಪ್ಪಣಿಗಳಿಂದ ಪುಟ ತಯಾರಿಸುವ 'ಡಾಕ್ಸಿಜನ್', ಅಚ್ಚುಕಟ್ಟಾದ ಪಿಡಿಎಫ್‌ಗೆ ಬೇಕಾಗುವ 'ಟೆಕ್' ಇವೆಲ್ಲ ಅಂಥ ಸಾಧನಗಳು.

ಗಮನಿಸಿ: ಕೈಪಿಡಿ ಬರೆಯುವುದು ಒಂದು ಕೆಲಸ. ಬರೆದದ್ದನ್ನು ಓದುವ ರೂಪಕ್ಕೆ ತರುವುದು ಇನ್ನೊಂದು ಕೆಲಸ. ಇಲ್ಲಿ ಚರ್ಚೆ ಎರಡನೆಯದರ ಬಗ್ಗೆ ಮಾತ್ರ. ಬರೆಯುವುದು ಐಚ್ಛಿಕವಾಗಲಿ ಎಂದು ಯಾರೂ ಹೇಳುತ್ತಿಲ್ಲ.

ಸಮಸ್ಯೆ 1: ಪುಟ್ಟ ಪ್ರೋಗ್ರಾಂ, ದೊಡ್ಡ ಹೊರೆ

ಒಂದು ಸಣ್ಣ ಲೈಬ್ರರಿಯನ್ನು ಕಟ್ಟಲು ಒಂದು ಸಿ ಕಂಪೈಲರ್ ಸಾಕು, ಒಂದು ನಿಮಿಷದೊಳಗೆ ಮುಗಿಯುತ್ತದೆ ಎಂದುಕೊಳ್ಳಿ. ಅದರ ಪಿಡಿಎಫ್ ಕೈಪಿಡಿಯನ್ನೂ ಕಟ್ಟಲೇಬೇಕು ಎಂದಾದರೆ ಕಥೆ ಬದಲಾಗುತ್ತದೆ. ಟೆಕ್ ಸಾಧನಗಳ ಪೂರ್ಣ ಸಂಗ್ರಹವಾದ 'ಟೆಕ್ ಲೈವ್' ಹಲವು ಜಿಬಿ ಜಾಗ ತಿನ್ನುತ್ತದೆ. ಸ್ಫಿಂಕ್ಸ್ ಬೇಕೆಂದರೆ ಪೈಥಾನ್ ಬೇಕು, ಅದರ ಜತೆಗೆ ಡಾಕ್‌ಯುಟಿಲ್ಸ್, ಜಿಂಜಾ, ಪಿಗ್ಮೆಂಟ್ಸ್ ಮುಂತಾದ ಲೈಬ್ರರಿಗಳ ಸಾಲೇ ಬೇಕು.

ಅಂದರೆ ಮುಷ್ಟಿಯಷ್ಟು ಅನ್ನ ಬೇಯಿಸಲು ಮದುವೆ ಮನೆಯ ಪಾತ್ರೆಗಳನ್ನೆಲ್ಲ ಬಾಡಿಗೆಗೆ ತಂದ ಹಾಗೆ. ವೇಗದ ಇಂಟರ್‌ನೆಟ್, ದೊಡ್ಡ ಡಿಸ್ಕ್ ಇರುವವರಿಗೆ ಇದು ಬರೀ ಕಿರಿಕಿರಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಲಿಯುತ್ತಿರುವ, ಮೊಬೈಲ್ ಡೇಟಾ ಹಂಚಿಕೊಂಡು ಡೌನ್‌ಲೋಡ್ ಮಾಡುವ ವಿದ್ಯಾರ್ಥಿಗೆ ಇದು ಗೋಡೆ. ಕೋಡ್‌ನಲ್ಲಿ ಒಂದು ಸಾಲು ತಿದ್ದಿ ನೋಡೋಣ ಎಂದು ಹೊರಟವರು, ಕೈಪಿಡಿ ಕಟ್ಟುವ ಸಾಧನ ಇನ್‌ಸ್ಟಾಲ್ ಆಗಲಿಲ್ಲ ಎಂಬ ಕಾರಣಕ್ಕೆ ಅಲ್ಲೇ ನಿಂತುಬಿಡಬಹುದು.

ಸಮಸ್ಯೆ 2: ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು

ಎರಡನೆಯ ಸಮಸ್ಯೆ ಇನ್ನೂ ಗಂಭೀರ. ಪೈಥಾನ್‌ನ ಕೈಪಿಡಿ ಕಟ್ಟಲು ಸ್ಫಿಂಕ್ಸ್ ಬೇಕು. ಆದರೆ ಸ್ಫಿಂಕ್ಸ್ ಬರೆದಿರುವುದೇ ಪೈಥಾನ್‌ನಲ್ಲಿ. ಅದು ಓಡಲು ಪೈಥಾನ್ ಮೊದಲೇ ಇರಬೇಕು. ಇನ್ನೊಂದು ಉದಾಹರಣೆ ನೋಡಿ. ಡಾಕ್ಸಿಜನ್ ಕಟ್ಟಲು 'ಸಿಮೇಕ್' ಎಂಬ ಸಾಧನ ಬೇಕು. ಸಿಮೇಕ್‌ನ ಕೈಪಿಡಿ ಕಟ್ಟಲು ಸ್ಫಿಂಕ್ಸ್ ಬೇಕು. ಸ್ಫಿಂಕ್ಸ್‌ಗೆ ಪೈಥಾನ್ ಬೇಕು. ಹೀಗೆ ಒಂದರ ಬಾಲ ಇನ್ನೊಂದು ಹಿಡಿದು ಸುತ್ತುತ್ತದೆ.

ಈಗಾಗಲೇ ಎಲ್ಲವೂ ಸಿದ್ಧವಿರುವ ಕಂಪ್ಯೂಟರ್‌ನಲ್ಲಿ ಈ ಸುತ್ತು ಕಾಣುವುದಿಲ್ಲ. ಹಳೆಯ ಆವೃತ್ತಿ ಬಳಸಿ ಹೊಸದನ್ನು ಕಟ್ಟಿಬಿಡಬಹುದು. ಆದರೆ ಏನೂ ಇಲ್ಲದ ಹೊಚ್ಚಹೊಸ ಯಂತ್ರದಲ್ಲಿ ಮೊದಲ ಇಟ್ಟಿಗೆ ಇಡುವವರಿಗೆ ಈ ಸುತ್ತೇ ದೊಡ್ಡ ಅಡ್ಡಿ. ಎಲ್ಲೋ ಒಂದು ಕಡೆ ಕೊಂಡಿ ಕಳಚಲೇಬೇಕು. ಪ್ರೋಗ್ರಾಂಗೆ ಪೆಟ್ಟಾಗದಂತೆ ಕಳಚಬಹುದಾದ ಕೊಂಡಿ ಯಾವುದು? ಹೆಚ್ಚಿನ ಸಲ ಅದು ಕೈಪಿಡಿಯೇ. ಕೈಪಿಡಿ ಇಲ್ಲದೆ ಮೊದಲು ಪೈಥಾನ್ ಕಟ್ಟಿಕೊಂಡು, ಅದರಿಂದ ಸ್ಫಿಂಕ್ಸ್ ಓಡಿಸಿ, ಆಮೇಲೆ ಕೈಪಿಡಿ ಕಟ್ಟಿದರಾಯಿತು.

ಸ್ವಾರಸ್ಯವೆಂದರೆ, ಕೈಪಿಡಿ ತಯಾರಿಸುವುದೇ ಕೆಲಸವಾಗಿರುವ ಡಾಕ್ಸಿಜನ್ ಕೂಡ ತನ್ನ ಸ್ವಂತ ಬಳಕೆದಾರ ಕೈಪಿಡಿಯನ್ನು ಐಚ್ಛಿಕವಾಗಿಯೇ ಇಟ್ಟಿದೆ. ನೀವು ಕೇಳಿದರೆ ಮಾತ್ರ ಅದು ಬಿಲ್ಡ್ ಆಗುತ್ತದೆ. ಸಿಮೇಕ್‌ನಲ್ಲೂ ಹಾಗೆಯೇ.

ಸಮಸ್ಯೆ 3: ಒಂದು ಚಿಪ್ ಮೇಲೆ ಕೂತು ಇನ್ನೊಂದು ಚಿಪ್‌ಗೆ ಕಟ್ಟುವಾಗ

ಹೊಸ ಚಿಪ್‌ಗೆ ಬೇಕಾದ ಸಾಫ್ಟ್‌ವೇರ್ ಅನ್ನು ಆರಂಭದಲ್ಲಿ ಅದೇ ಚಿಪ್ ಮೇಲೆ ಕಟ್ಟಲು ಆಗುವುದಿಲ್ಲ. ಮಾಮೂಲಿ ಕಂಪ್ಯೂಟರ್‌ನಲ್ಲಿ ಕೂತು ಆ ಚಿಪ್‌ನ ಭಾಷೆಯಲ್ಲಿ ಕಟ್ಟಿ ಕಳುಹಿಸಬೇಕು. ಇದಕ್ಕೆ 'ಕ್ರಾಸ್ ಕಂಪೈಲ್' ಎನ್ನುತ್ತಾರೆ.

ಇಲ್ಲಿ ಕೈಪಿಡಿ ವಿಚಿತ್ರ ರೀತಿಯಲ್ಲಿ ಅಡ್ಡ ಬರುತ್ತದೆ. 'ಹೆಲ್ಪ್‌ಟುಮ್ಯಾನ್' ಎಂಬ ಸಾಧನವನ್ನೇ ತೆಗೆದುಕೊಳ್ಳಿ. ಅದು ಈಗಷ್ಟೇ ಕಟ್ಟಿದ ಪ್ರೋಗ್ರಾಂ ಅನ್ನು ಓಡಿಸಿ, ಅದು ತೋರಿಸುವ ಸಹಾಯ ಸಂದೇಶವನ್ನು ಓದಿ, ಅದರಿಂದ ಮ್ಯಾನ್ ಪೇಜ್ ತಯಾರಿಸುತ್ತದೆ. ಆದರೆ ಆ ಪ್ರೋಗ್ರಾಂ ಬೇರೆ ಚಿಪ್‌ಗಾಗಿ ಕಟ್ಟಿದ್ದು. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಓಡುವುದೇ ಇಲ್ಲ. ಪ್ರೋಗ್ರಾಂ ಸರಿಯಾಗಿಯೇ ತಯಾರಾಗಿದ್ದರೂ, ಕೈಪಿಡಿ ಹಂತದಲ್ಲಿ ಬಿಲ್ಡ್ ಮುಗ್ಗರಿಸುತ್ತದೆ.

ಲಿನಕ್ಸ್‌ನ ಅತಿ ಮೂಲಭೂತ ಆಜ್ಞೆಗಳನ್ನು ಕೊಡುವ ಗ್ನು ಕೋರ್‌ಯುಟಿಲ್ಸ್ ಈ ಸಾಧನವನ್ನು ಬಳಸುತ್ತದೆ. ಹಾಗಾಗಿ ಕ್ರಾಸ್ ಕಂಪೈಲ್ ಮಾಡುವಾಗ ಅಸಲಿ ಮ್ಯಾನ್ ಪೇಜ್ ಬದಲು ಹೆಸರಿಗಷ್ಟೇ ಒಂದು ಪುಟ ಇಡುವ ಪ್ರತ್ಯೇಕ ವ್ಯವಸ್ಥೆಯನ್ನು ಅದರಲ್ಲಿ ಮಾಡಿಕೊಂಡಿದ್ದಾರೆ. ಗ್ನೋಮ್ ಲೈಬ್ರರಿಗಳು ಬಳಸುವ 'ಜಿಟಿಕೆ-ಡಾಕ್' ಕೂಡ ಕೈಪಿಡಿಗಾಗಿ ಒಂದು ಪ್ರೋಗ್ರಾಂ ಕಟ್ಟಿ ಓಡಿಸುತ್ತದೆ. ಅಲ್ಲೂ ಅದೇ ತಲೆನೋವು.

ಕೇರಳಕ್ಕೂ ಇದಕ್ಕೂ ಏನು ಸಂಬಂಧ?

ಇಲ್ಲಿಯೇ ತಿರುವನಂತಪುರಂ ಮತ್ತು ಕೊಚ್ಚಿ ಕಥೆಯೊಳಗೆ ಬರುತ್ತವೆ. ಜಗತ್ತಿನಾದ್ಯಂತ ಈಗ 'ರಿಸ್ಕ್-ಫೈವ್' ಎಂಬ ಮುಕ್ತ ಚಿಪ್ ವಿನ್ಯಾಸದ ಮಾತು ಜೋರಾಗಿದೆ. ಇದನ್ನು ಬಳಸಲು ಯಾರಿಗೂ ಪರವಾನಗಿ ಶುಲ್ಕ ಕೊಡಬೇಕಿಲ್ಲ. ಸಿ-ಡ್ಯಾಕ್‌ನ ತಿರುವನಂತಪುರಂ ಕೇಂದ್ರ ಇದೇ ವಿನ್ಯಾಸದ ಮೇಲೆ 'ವೇಗ' ಸರಣಿಯ ಪ್ರೊಸೆಸರ್‌ಗಳನ್ನು ರೂಪಿಸಿದೆ. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಆರಂಭಿಸಿದ ಡಿಐಆರ್-ವಿ ಕಾರ್ಯಕ್ರಮದ ಎರಡು ಮುಖ್ಯ ಹೆಸರುಗಳಲ್ಲಿ ವೇಗ ಒಂದು, ಮದ್ರಾಸ್ ಐಐಟಿಯ 'ಶಕ್ತಿ' ಇನ್ನೊಂದು.

2025ರ ಫೆಬ್ರುವರಿಯಲ್ಲಿ ಮದ್ರಾಸ್ ಐಐಟಿ ಮತ್ತು ಇಸ್ರೋ ಜತೆಯಾಗಿ 'ಐರಿಸ್' ಎಂಬ ಬಾಹ್ಯಾಕಾಶ ದರ್ಜೆಯ ಚಿಪ್ ಅನ್ನು ಪ್ರಕಟಿಸಿದವು. ಇದೂ ರಿಸ್ಕ್-ಫೈವ್ ವಿನ್ಯಾಸದ್ದೇ. ಇದರ ಕಲ್ಪನೆಯನ್ನು ಮುಂದಿಟ್ಟಿದ್ದು ತಿರುವನಂತಪುರಂನಲ್ಲಿರುವ ಇಸ್ರೋದ ಜಡತ್ವ ವ್ಯವಸ್ಥೆಗಳ ಘಟಕ. 1963ರಲ್ಲಿ ಅಮೆರಿಕದ ರಾಕೆಟ್ ಹಾರಿಸಿದ ನಗರ ಈಗ ದೇಸಿ ಚಿಪ್ ವಿನ್ಯಾಸದಲ್ಲಿ ತೊಡಗಿದೆ ಎಂಬುದು ಸಣ್ಣ ಮಾತಲ್ಲ.

ಆದರೆ ಚಿಪ್ ತಯಾರಾದರೆ ಸಾಲದು, ಅದರ ಮೇಲೆ ಓಡಲು ಸಾಫ್ಟ್‌ವೇರ್ ಬೇಕು. ಸಿ-ಡ್ಯಾಕ್‌ನ 'ತೇಜಸ್-32' ಚಿಪ್ ಇರುವ ಏರೀಸ್ ಬೋರ್ಡ್‌ನಲ್ಲಿರುವುದು 256 ಕೆಬಿ ಮೆಮೊರಿ. ನಿಮ್ಮ ಫೋನ್‌ನ ಒಂದು ಫೋಟೊ ಕೂಡ ಇದಕ್ಕಿಂತ ದೊಡ್ಡದಿರುತ್ತದೆ. ಇಂಥ ಬೋರ್ಡ್‌ಗೆ ಪ್ರೋಗ್ರಾಂ ಬರೆಯುವವರು ಅದನ್ನು ಬೇರೆ ಕಂಪ್ಯೂಟರ್‌ನಲ್ಲೇ ಕಟ್ಟಿ ಸಾಗಿಸಬೇಕು. ಲಿನಕ್ಸ್ ಓಡಿಸಬಲ್ಲ ದೊಡ್ಡ ಚಿಪ್‌ಗಳಲ್ಲೂ ಮೊದಲ ಹಂತ ಕ್ರಾಸ್ ಕಂಪೈಲ್ ಮೂಲಕವೇ ಸಾಗುತ್ತದೆ. ಅಂದರೆ ಮೇಲೆ ಹೇಳಿದ ಮೂರೂ ಸಮಸ್ಯೆಗಳು ಹೊಸ ಚಿಪ್ ಮಾಡುವವರ ಬಾಗಿಲಿಗೇ ಬಂದು ನಿಲ್ಲುತ್ತವೆ.

ಇನ್ನು ಕೊಚ್ಚಿ. ಜಗತ್ತಿನ ಅತಿ ದೊಡ್ಡ ಸ್ವಯಂಸೇವಕ ಸಾಫ್ಟ್‌ವೇರ್ ಯೋಜನೆಗಳಲ್ಲಿ ಒಂದಾದ ಡೆಬಿಯನ್, ತನ್ನ ವಾರ್ಷಿಕ ಸಮ್ಮೇಳನ 'ಡೆಬ್‌ಕಾನ್‌23' ಅನ್ನು 2023ರ ಸೆಪ್ಟೆಂಬರ್ 10ರಿಂದ 17ರವರೆಗೆ ಕೊಚ್ಚಿಯ ಇನ್ಫೋಪಾರ್ಕ್‌ನಲ್ಲಿ ನಡೆಸಿತು. ಅದಕ್ಕೆ ಎರಡು ತಿಂಗಳೂ ಮುಂಚೆಯಲ್ಲ, ಅದೇ ವರ್ಷದ ಜುಲೈನಲ್ಲಿ ಡೆಬಿಯನ್ 64 ಬಿಟ್ ರಿಸ್ಕ್-ಫೈವ್ ಅನ್ನು ತನ್ನ ಅಧಿಕೃತ ಪಟ್ಟಿಗೆ ಸೇರಿಸಿಕೊಂಡಿತ್ತು. ಬಹುತೇಕ ಖಾಲಿ ಭಂಡಾರದಿಂದ ಶುರುಮಾಡಿ, ಕೆಲವೇ ಮೂಲ ಪ್ಯಾಕೇಜ್‌ಗಳ ಬಲದಿಂದ ಉಳಿದ ಸಾವಿರಾರು ಪ್ಯಾಕೇಜ್‌ಗಳನ್ನು ಒಂದೊಂದಾಗಿ ಮರಳಿ ಕಟ್ಟುವ ಕೆಲಸ ಅದು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ಮೊದಲ ಬಾರಿಗೆ ಅಧಿಕೃತ ಬಿಡುಗಡೆಯಲ್ಲಿ ರಿಸ್ಕ್-ಫೈವ್ ಸೇರಿತು.

ಡೆಬಿಯನ್ ಕಂಡುಕೊಂಡ ದಾರಿ: 'ನೋಡಾಕ್'

ಹೊಸ ಹೊಸ ಚಿಪ್‌ಗಳಿಗೆ ಹೊಂದಿಕೊಂಡ ಅನುಭವದಿಂದ ಡೆಬಿಯನ್ ಒಂದು ಶಿಸ್ತು ರೂಪಿಸಿದೆ. ಪ್ಯಾಕೇಜ್ ಕಟ್ಟುವವರು 'ನೋಡಾಕ್' ಎಂದು ಸೂಚಿಸಿದರೆ, ಕೈಪಿಡಿ ತಯಾರಿಸುವ ಹಂತಗಳನ್ನು ಬಿಲ್ಡ್ ಬಿಟ್ಟುಬಿಡಬೇಕು. ಡಾಕ್ಸಿಜನ್ ತಯಾರಿಸುವ ಪುಟಗಳು, ಹೆಲ್ಪ್‌ಟುಮ್ಯಾನ್ ತಯಾರಿಸುವ ಪುಟಗಳು ಎರಡೂ ಇದರಡಿ ಬರುತ್ತವೆ.

ಇದರ ಜತೆಗೆ 'ಬಿಲ್ಡ್ ಪ್ರೊಫೈಲ್' ಎಂಬ ಇನ್ನೊಂದು ಸೌಲಭ್ಯವಿದೆ. ಯಾವ ಸಾಧನ ಕೈಪಿಡಿಗೆ ಮಾತ್ರ ಬೇಕು ಎಂಬುದನ್ನು ಪ್ಯಾಕೇಜ್‌ನ ಅಗತ್ಯಗಳ ಪಟ್ಟಿಯಲ್ಲೇ ಗುರುತು ಹಾಕಿಡಬಹುದು. ನೋಡಾಕ್ ಆರಿಸಿದಾಗ ಸ್ಫಿಂಕ್ಸ್, ಟೆಕ್ ಮುಂತಾದವು ಅಗತ್ಯಗಳ ಪಟ್ಟಿಯಿಂದಲೇ ಮಾಯವಾಗುತ್ತವೆ. ಸುತ್ತು ಮುರಿಯುವುದು ಇಲ್ಲಿಯೇ. ಕೈಪಿಡಿ ಕಟ್ಟಬೇಡ ಎಂದಷ್ಟೇ ಹೇಳಿ, ಸಾಧನವನ್ನು ಮಾತ್ರ ಇನ್‌ಸ್ಟಾಲ್ ಮಾಡಲೇಬೇಕು ಎಂದರೆ ಉಪಯೋಗವಿಲ್ಲ ಅಲ್ಲವೇ?

ಇದರಲ್ಲಿ ಒಂದು ಸೂಕ್ಷ್ಮವಿದೆ. ನೋಡಾಕ್ ಎಂದರೂ ಹಕ್ಕುಸ್ವಾಮ್ಯ ಹಾಗೂ ಬದಲಾವಣೆಗಳ ವಿವರ ಇರುವ ಕಡತಗಳನ್ನು ಬಿಡುವಂತಿಲ್ಲ ಎಂದು ಡೆಬಿಯನ್ ನಿಯಮ ಹೇಳುತ್ತದೆ. ಕೈಪಿಡಿ ಅನುಕೂಲದ ವಿಷಯ. ಆದರೆ ಯಾರು ಬರೆದರು, ಯಾವ ಪರವಾನಗಿಯಲ್ಲಿ ಕೊಟ್ಟರು ಎಂಬುದು ಕಾನೂನಿನ ವಿಷಯ. ಅದು ಐಚ್ಛಿಕವಲ್ಲ.

ಹಾಗಾದರೆ ಸಾಮಾನ್ಯ ಬಳಕೆದಾರರಿಗೆ ಕೈಪಿಡಿ ಸಿಗುವುದಿಲ್ಲವೇ? ಖಂಡಿತ ಸಿಗುತ್ತದೆ. ದೊಡ್ಡ ಕೈಪಿಡಿಗಳನ್ನು ಡೆಬಿಯನ್ 'ಡಾಕ್' ಎಂದು ಕೊನೆಗೊಳ್ಳುವ ಪ್ರತ್ಯೇಕ ಪ್ಯಾಕೇಜ್‌ಗಳಲ್ಲಿ ಇಡುತ್ತದೆ. ವೆಬ್ ಪುಟ ಯಾವ ಚಿಪ್‌ನಲ್ಲಿ ತೆರೆದರೂ ಒಂದೇ. ಹಾಗಾಗಿ ಅಂಥ ಪ್ಯಾಕೇಜ್ ಅನ್ನು ಒಮ್ಮೆ ಕಟ್ಟಿದರೆ ಸಾಕು, ಎಲ್ಲ ಚಿಪ್‌ಗಳಿಗೂ ಅದೇ ನಡೆಯುತ್ತದೆ.

ಉಳಿದವರು ಏನು ಮಾಡುತ್ತಾರೆ?

ಲಿನಕ್ಸ್ ಕರ್ನಲ್: ಕರ್ನಲ್ ಕಟ್ಟುವ ಆಜ್ಞೆಯೇ ಬೇರೆ, ಅದರ ಕೈಪಿಡಿ ಕಟ್ಟುವ ಆಜ್ಞೆಯೇ ಬೇರೆ. 2016ರಿಂದ ಕರ್ನಲ್ ಕೈಪಿಡಿ ಸ್ಫಿಂಕ್ಸ್‌ಗೆ ಬದಲಾಯಿತು. ಆದರೂ ಕರ್ನಲ್ ಕಟ್ಟುವವರಿಗೆ ಸ್ಫಿಂಕ್ಸ್ ಕಡ್ಡಾಯವಾಗಲಿಲ್ಲ.

ಗಿಟ್: ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನು ಕಟ್ಟುವಾಗ ಕೈಪಿಡಿ ತಾನಾಗಿ ತಯಾರಾಗುವುದಿಲ್ಲ, ಪ್ರತ್ಯೇಕವಾಗಿ ಕೇಳಬೇಕು. ಅದಕ್ಕೆ ಬೇಕಾದ ಸಾಧನಗಳಿಲ್ಲದವರಿಗಾಗಿ ಮೊದಲೇ ತಯಾರಿಸಿದ ಮ್ಯಾನ್ ಪೇಜ್‌ಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಕಟ್ಟುವ ಹೊರೆಯೂ ಇಲ್ಲ, ಕೈಪಿಡಿಯೂ ಕೈತಪ್ಪುವುದಿಲ್ಲ. ಅನುಕರಿಸಬೇಕಾದ ಮಾದರಿ ಇದು.

ಜೆಂಟೂ: ಎಲ್ಲವನ್ನೂ ಬಳಕೆದಾರರೇ ತಮ್ಮ ಕಂಪ್ಯೂಟರ್‌ನಲ್ಲಿ ಕಟ್ಟಿಕೊಳ್ಳುವ ಈ ವಿತರಣೆಯಲ್ಲಿ 'ಡಾಕ್' ಎಂಬ ಸ್ವಿಚ್ ಇದೆ. ಹೆಚ್ಚುವರಿ ಭಾರೀ ಕೈಪಿಡಿಗಳು ಬೇಕೆಂದರೆ ಅದನ್ನು ಆನ್ ಮಾಡಬೇಕು.

ಬಿಲ್ಡ್‌ರೂಟ್: ಸಣ್ಣ ಬೋರ್ಡ್‌ಗಳಿಗೆ ಇಡೀ ಲಿನಕ್ಸ್ ವ್ಯವಸ್ಥೆ ಕಟ್ಟಿಕೊಡುವ ಸಾಧನ ಇದು. ಇಲ್ಲಿ ಒಂದು ತಮಾಷೆಯಿದೆ. ಕೈಪಿಡಿ ಬೇಡ ಎಂದು ಹೇಳಲು ಇದು ಪ್ರತಿ ಪ್ಯಾಕೇಜ್‌ಗೂ 'ಡಾಕ್ ಬೇಡ', 'ಡಾಕ್ಸ್ ಬೇಡ', 'ಡಾಕ್ಯುಮೆಂಟೇಶನ್ ಬೇಡ', 'ಜಿಟಿಕೆ-ಡಾಕ್ ಬೇಡ' ಎಂದು ಬೇರೆ ಬೇರೆ ಹೆಸರುಗಳಲ್ಲಿ ಕೂಗಿ ಹೇಳುತ್ತದೆ. ಯಾವ ಪ್ರಾಜೆಕ್ಟ್ ಯಾವ ಹೆಸರಿಟ್ಟಿದೆಯೋ, ಯಾವುದಾದರೂ ಒಂದು ತಗುಲಲಿ ಎಂಬ ಲೆಕ್ಕ. ಆಯ್ಕೆ ಇದ್ದರೆ ಸಾಲದು, ಅದಕ್ಕೆ ಎಲ್ಲರೂ ಒಪ್ಪುವ ಹೆಸರೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಎಚ್ಚರ! ಐಚ್ಛಿಕ ಎಂದರೆ ಅನಾಥ ಎಂದಲ್ಲ

ಇಷ್ಟು ಓದಿದ ಮೇಲೆ, ಹಾಗಿದ್ದರೆ ಎಲ್ಲ ಕಡೆ ಕೈಪಿಡಿ ಆಫ್ ಮಾಡಿಬಿಡೋಣ ಎನಿಸಬಹುದು. ಅಪಾಯ ಇರುವುದು ಅಲ್ಲಿಯೇ.

ಮೊದಲ ಅಪಾಯ, ಸದ್ದಿಲ್ಲದೆ ಕಾಣೆಯಾಗುವುದು. ಅನೇಕ ಬಿಲ್ಡ್ ವ್ಯವಸ್ಥೆಗಳಲ್ಲಿ 'ಆಟೋ' ಎಂಬ ಮೂರನೆಯ ಸ್ಥಿತಿ ಇದೆ. ಸಾಧನ ಸಿಕ್ಕರೆ ಕೈಪಿಡಿ ಕಟ್ಟು, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು ಎಂದರ್ಥ. ಮನೆಯಲ್ಲಿ ಪ್ರಯೋಗ ಮಾಡುವವರಿಗೆ ಇದು ಅನುಕೂಲ. ಆದರೆ ಲಕ್ಷಾಂತರ ಜನರಿಗೆ ಪ್ಯಾಕೇಜ್ ತಲುಪಿಸುವ ಸರ್ವರ್‌ನಲ್ಲಿ ಯಾರೋ ಸ್ಫಿಂಕ್ಸ್ ಹಾಕಲು ಮರೆತರೆ? ಬಿಲ್ಡ್ ಯಶಸ್ವಿ ಎಂದು ಹಸಿರು ದೀಪ ಉರಿಯುತ್ತದೆ, ಕೈಪಿಡಿ ಮಾತ್ರ ಇರುವುದಿಲ್ಲ. ಇದನ್ನು ತಪ್ಪಿಸಲೆಂದೇ ಮೆಸಾನ್ ಬಿಲ್ಡ್ ಸಾಧನದಲ್ಲಿ ಎಲ್ಲ 'ಆಟೋ' ಆಯ್ಕೆಗಳನ್ನೂ ಒಟ್ಟಿಗೆ 'ಆನ್' ಎಂದು ಪರಿಗಣಿಸುವ ಸೌಲಭ್ಯವಿದೆ. ಫೆಡೋರಾ ತನ್ನ ಪ್ಯಾಕೇಜ್‌ಗಳನ್ನು ಕಟ್ಟುವಾಗ ಅದನ್ನು ಬಳಸುತ್ತದೆ. ಆಗ ಸಾಧನ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಂತು ತಪ್ಪು ತೋರಿಸುತ್ತದೆ.

ಎರಡನೆಯ ಅಪಾಯ, ಕೈಪಿಡಿ ಇಲ್ಲದ ಜಾಗದಲ್ಲಿ ಪ್ರೋಗ್ರಾಂ ಎಡವುವುದು. ಕ್ಲೌಡ್‌ನಲ್ಲಿ ಬಳಸುವ ಡೆಬಿಯನ್‌ನ 'ಸ್ಲಿಮ್' ಕಂಟೇನರ್ ಚಿತ್ರಗಳಲ್ಲಿ ಜಾಗ ಉಳಿಸಲು ಮ್ಯಾನ್ ಪೇಜ್‌ಗಳನ್ನು ತೆಗೆದಿರುತ್ತಾರೆ. ಕೆಲವು ವರ್ಷಗಳ ಹಿಂದಿನ ಆವೃತ್ತಿಗಳಲ್ಲಿ ಅಂಥ ಚಿತ್ರದೊಳಗೆ ಜಾವಾ ಇನ್‌ಸ್ಟಾಲ್ ಮಾಡಲು ಹೋದವರಿಗೆ ಆಶ್ಚರ್ಯ ಕಾದಿತ್ತು. ಮ್ಯಾನ್ ಪೇಜ್ ಇಡುವ ಫೋಲ್ಡರೇ ಇಲ್ಲ ಎಂಬ ಕಾರಣಕ್ಕೆ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತಿತ್ತು! ಖಾಲಿ ಫೋಲ್ಡರ್ ಒಂದನ್ನು ಮಾಡಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಕೈಪಿಡಿ ಇದ್ದೇ ಇರುತ್ತದೆ ಎಂದು ನಂಬಿ ಬರೆದ ಕೋಡ್ ಹೀಗೆ ಕೈಕೊಡುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಯಾರೂ ಕಟ್ಟದ ಕೈಪಿಡಿ ನಿಧಾನವಾಗಿ ಹಾಳಾಗುತ್ತದೆ. ಮುರಿದ ಕೊಂಡಿ, ತಪ್ಪಾದ ಉದಾಹರಣೆ, ಅರ್ಧಕ್ಕೆ ನಿಂತ ಪಟ್ಟಿ ಇವೆಲ್ಲ ಗೊತ್ತಾಗುವುದು ಕಟ್ಟಿದಾಗ ಮಾತ್ರ. ಸ್ಥಳೀಯ ಭಾಷೆಗಳಿಗೆ ಅನುವಾದಿಸಿದ ಕೈಪಿಡಿಗಳಿಗೆ ಈ ಪೆಟ್ಟು ಇನ್ನೂ ಜೋರು. ಅವುಗಳನ್ನು ಓದುವವರು ಕಡಿಮೆ, ದೂರುವವರು ಇನ್ನೂ ಕಡಿಮೆ.

ಕಾಸರಗೋಡಿನ ಕನ್ನಡ ಶಾಲೆಯ ಮೇಜಿನ ಮೇಲೆ

ಇದನ್ನು ಕನ್ನಡಿಗರ ಕಣ್ಣಿನಿಂದ ನೋಡೋಣ. ಕೇರಳದ ಶಾಲೆಗಳು ಬಹುಕಾಲದಿಂದ ಮುಕ್ತ ಸಾಫ್ಟ್‌ವೇರ್ ಬಳಸುತ್ತಿವೆ. ಐಟಿ@ಸ್ಕೂಲ್ ಎಂದು ಆರಂಭವಾಗಿ, 2017ರಲ್ಲಿ ಕೈಟ್ ಎಂದು ರೂಪಾಂತರಗೊಂಡ ಸರ್ಕಾರಿ ಸಂಸ್ಥೆ ಶಾಲೆಗಳಿಗಾಗಿ ಉಬುಂಟು ಆಧಾರಿತ ತನ್ನದೇ ಗ್ನು/ಲಿನಕ್ಸ್ ಆವೃತ್ತಿ ಕೊಡುತ್ತದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದರಲ್ಲಿಯೇ. ಅವರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ.

ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. ಅಂದರೆ ಡೆಬಿಯನ್‌ನಲ್ಲಿ ಒಂದು ಪ್ಯಾಕೇಜ್ ಕೈಪಿಡಿಯನ್ನು ಹೇಗೆ ಕಟ್ಟುತ್ತದೆ, ಕಟ್ಟುತ್ತದೋ ಇಲ್ಲವೋ ಎಂಬುದರ ಪರಿಣಾಮ ಮಂಜೇಶ್ವರದ ಶಾಲೆಯ ಕಂಪ್ಯೂಟರ್‌ವರೆಗೂ ಹರಿದು ಬರಬಹುದು. ಆ ಮೇಜಿನ ಮುಂದೆ ಕೂತ ವಿದ್ಯಾರ್ಥಿ ಸಹಾಯದ ಗುಂಡಿ ಒತ್ತಿದಾಗ ಪುಟ ತೆರೆಯಬೇಕು. ಇಂಟರ್‌ನೆಟ್ ಇದ್ದಾಗ ಹುಡುಕಿಕೊಳ್ಳಲಿ ಎಂದು ಹೇಳುವುದು ಸುಲಭ. ಮಳೆಗಾಲದಲ್ಲಿ ಲೈನ್ ಕಡಿದು ಹೋದ ದಿನವೂ ಪಾಠ ನಡೆಯಬೇಕಲ್ಲ? ಕಂಪ್ಯೂಟರ್‌ನೊಳಗೇ ಇರುವ ಕೈಪಿಡಿಯ ಬೆಲೆ ಆಗ ಗೊತ್ತಾಗುತ್ತದೆ.

ಅದೇ ವಿದ್ಯಾರ್ಥಿ ಮುಂದೆ ಏರೀಸ್‌ನಂಥ ಬೋರ್ಡ್ ಹಿಡಿದು ತನ್ನದೇ ಪ್ರೋಗ್ರಾಂ ಕಟ್ಟಲು ಹೊರಟಾಗ, ಕೈಪಿಡಿ ಕಟ್ಟುವ ಹೊರೆ ಅವಳ ದಾರಿಗೆ ಅಡ್ಡ ಬರಬಾರದು. ಕಲಿಯುವಾಗ ಕೈಪಿಡಿ ಬೇಕು, ಕಟ್ಟುವಾಗ ಅದು ಕಡ್ಡಾಯವಾಗಬಾರದು. ಒಬ್ಬಳೇ ವ್ಯಕ್ತಿ, ಎರಡು ಸಂದರ್ಭ, ಎರಡು ಅಗತ್ಯ. ಐಚ್ಛಿಕವಾಗಿಡುವುದರ ಅರ್ಥ ಈ ಎರಡಕ್ಕೂ ಜಾಗ ಮಾಡಿಕೊಡುವುದು.

ನೀವೇ ಪ್ರಾಜೆಕ್ಟ್ ನಡೆಸುತ್ತಿದ್ದರೆ ಹೀಗೆ ಮಾಡಿ

* ಕೈಪಿಡಿಯ ಮೂಲ ಬರಹ ಯಾವಾಗಲೂ ಸೋರ್ಸ್ ಕೋಡ್ ಜತೆಯಲ್ಲೇ ಇರಲಿ. ಕಟ್ಟುವುದು ಮಾತ್ರ ಐಚ್ಛಿಕವಾಗಿರಲಿ. ಕಟ್ಟದವರೂ ಸರಳ ಪಠ್ಯವನ್ನು ತೆರೆದು ಓದುವಂತಿರಬೇಕು.

* ಒಂದೇ ಸ್ಪಷ್ಟ ಆಯ್ಕೆ ಕೊಡಿ, ಅದರ ಹೆಸರನ್ನು ಇನ್‌ಸ್ಟಾಲ್ ವಿವರಣೆಯ ಮೊದಲ ಪುಟದಲ್ಲೇ ಬರೆಯಿರಿ.

* 'ಆನ್' ಎಂದು ಕೇಳಿದಾಗ ಸಾಧನ ಇಲ್ಲದಿದ್ದರೆ ಬಿಲ್ಡ್ ನಿಲ್ಲಲಿ, ಏನು ಬೇಕು ಎಂದು ಹೇಳಲಿ. 'ಆಫ್' ಎಂದಾಗ ಆ ಸಾಧನವನ್ನು ಹುಡುಕಲೂ ಹೋಗಬಾರದು.

* ಮ್ಯಾನ್ ಪೇಜ್‌ನಂಥ ಹಗುರ ಕೈಪಿಡಿ ಹಾಗೂ ಪಿಡಿಎಫ್, ಡಾಕ್ಸಿಜನ್ ಪುಟಗಳಂಥ ಭಾರದ ಕೈಪಿಡಿ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಭಾರದ್ದು ಬೇಡ ಎಂದವರಿಗೂ ಹಗುರದ್ದು ಸಿಗಲಿ.

* ಬಿಡುಗಡೆ ಮಾಡುವ ಪ್ರತಿ ಆವೃತ್ತಿಯ ಜತೆ ಮೊದಲೇ ತಯಾರಿಸಿದ ಮ್ಯಾನ್ ಪೇಜ್‌ಗಳನ್ನು ಸೇರಿಸಿ. ಗಿಟ್ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ.

* ಕೋಡ್ ಬದಲಾದಾಗಲೆಲ್ಲ ತಾನಾಗಿ ನಡೆಯುವ ಪರೀಕ್ಷೆಗಳಲ್ಲಿ ಎರಡು ಬಿಲ್ಡ್ ಇರಲಿ: ಒಂದು ಕೈಪಿಡಿ ಸಹಿತ, ಇನ್ನೊಂದು ಕೈಪಿಡಿ ರಹಿತ. ಮೊದಲನೆಯದು ಕೈಪಿಡಿ ಹಾಳಾಗದಂತೆ ಕಾಯುತ್ತದೆ. ಎರಡನೆಯದು ಆಯ್ಕೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತದೆ.

* ಕೈಪಿಡಿಯಲ್ಲಿ ಬಿಲ್ಡ್ ಆದ ದಿನಾಂಕ, ಸಮಯ ಅಚ್ಚಾಗದಂತೆ ನೋಡಿಕೊಳ್ಳಿ. ಒಂದೇ ಸೋರ್ಸ್‌ನಿಂದ ಎರಡು ಸಲ ಕಟ್ಟಿದಾಗ ಫಲಿತಾಂಶ ಒಂದೇ ಇರಬೇಕು ಎಂಬ ಭದ್ರತಾ ಪರೀಕ್ಷೆಗಳು ಈ ಒಂದು ಸಾಲಿನಿಂದಲೇ ಸೋಲುವುದುಂಟು.

ಬಳಕೆದಾರರು ಏನು ಮಾಡಬಹುದು?

ನಿಮ್ಮ ಲಿನಕ್ಸ್‌ನಲ್ಲಿ ಯಾವುದಾದರೂ ಪ್ರೋಗ್ರಾಂನ ಕೈಪಿಡಿ ಕಾಣದಿದ್ದರೆ ಮೊದಲು ಅದೇ ಹೆಸರಿನ ಮುಂದೆ 'ಡಾಕ್' ಸೇರಿಸಿದ ಪ್ಯಾಕೇಜ್ ಇದೆಯೇ ಎಂದು ಹುಡುಕಿ. ಹೆಚ್ಚಿನ ಸಲ ಅದು ಅಲ್ಲಿಯೇ ಇರುತ್ತದೆ. ಇಲ್ಲದಿದ್ದರೆ ಆ ಪ್ಯಾಕೇಜ್ ನೋಡಿಕೊಳ್ಳುವವರಿಗೆ ದೋಷ ವರದಿ ಬರೆಯಿರಿ. ಕೈಪಿಡಿ ಇಲ್ಲ ಎಂಬುದೂ ಒಂದು ದೋಷವೇ. ಕೋಡ್ ಬರೆಯಲು ಬಾರದವರೂ ಓಪನ್ ಸೋರ್ಸ್‌ಗೆ ಕೊಡಬಹುದಾದ ಕಾಣಿಕೆ ಅದು.

ಒಂದು ಸಾಲಿನ ಸ್ವಿಚ್, ಅಷ್ಟೇ. ಆದರೆ ಅದು ಇದ್ದರೆ ತಿರುವನಂತಪುರಂನ ಹೊಸ ಚಿಪ್ ಮೇಲೆ ಲಿನಕ್ಸ್ ಬೇಗ ಎದ್ದು ನಿಲ್ಲುತ್ತದೆ. ಅದನ್ನು ಹೊಣೆಯಿಂದ ಬಳಸಿದರೆ ಕಾಸರಗೋಡಿನ ಶಾಲೆಯಲ್ಲಿ ಸಹಾಯದ ಪುಟವೂ ತೆರೆಯುತ್ತದೆ. ತುಂಬದ ರಾಕೆಟ್ ತನ್ನ ಕೈಪಿಡಿಯನ್ನು ಹೊತ್ತು ಹಾರಲಿಲ್ಲ, ನಿಜ. ಆದರೆ ಅದು ನೆಲದ ಮೇಲೆ, ಬೇಕಾದವರ ಕೈಗೆ ಸಿಗುವಂತೆ ಇರಲೇಬೇಕಿತ್ತು. ಸಾಫ್ಟ್‌ವೇರ್‌ಗೂ ಬೇಕಿರುವುದು ಅಷ್ಟೇ.